ಜರಡಿ ಹಿಡಿದ ಬೂದಿ

ಇದನ್ನು ಬರೆಯಲು ಕೂತದ್ದು ಇದು ಮೊದಲ ಸಲವಲ್ಲ. ನಿವೃತ್ತಿಯಾದ ವರ್ಷ ಒಮ್ಮೆ ಕೂತು ಎರಡು ಪುಟ ಬರೆದು ಹರಿದು ಹಾಕಿದೆ. ಕಣ್ಣಿನ ಆಪರೇಷನ್ ಆದ ಮೇಲೆ ಇನ್ನೊಮ್ಮೆ ಕೂತೆ. ಕಣ್ಣಿಗೆ ಆಯಾಸ ಎಂದು ನನಗೆ ನಾನೇ ನೆಪ ಹೇಳಿಕೊಂಡು ಎದ್ದೆ. ಬರೆಯುವುದು ಕಷ್ಟವೆಂದಲ್ಲ. ಬರೆಯುವುದಕ್ಕೆ ಮೊದಲು ಇದನ್ನು ಒಬ್ಬರ ಎದುರು ಕೂತು ಬಾಯಿಬಿಟ್ಟು ಹೇಳಬೇಕಿತ್ತು. ಅದನ್ನು ಮಾಡದವನು ಕಾಗದದ ಮುಂದೆ ಯಾವ ಮುಖ ಇಟ್ಟುಕೊಂಡು ಕೂರಬೇಕು? ಈಗ ಎಂಬತ್ತೇಳು ದಾಟಿದೆ. ಇನ್ನು ಮುಂದೂಡುವುದಕ್ಕೆ ಜಾಗ ಉಳಿದಿಲ್ಲ.

ಅರವತ್ತೈದನೆಯ ಇಸವಿಯ ಚಳಿಗಾಲದ ಮಾತು. ಆಗ ನನಗೆ ಇಪ್ಪತ್ತೆಂಟು. ಗದಗಿನಲ್ಲಿ ಮ್ಯಾಟ್ರಿಕ್ ಮುಗಿಸಿ, ರೈಲ್ವೆಯಲ್ಲಿ ಗುಮಾಸ್ತನಾಗಿ ಸೇರಿ, ಮೊದಲು ಸೂರತ್‌ನಲ್ಲಿ ಮೂರು ವರ್ಷ ಬಾಡಿಗೆ ಕೋಣೆಯಲ್ಲಿ ಕಳೆದು, ಬರೋಡಕ್ಕೆ ವರ್ಗವಾಗಿ ಬಂದಿದ್ದೆ. ಈಗ ಆ ಊರನ್ನು ವಡೋದರಾ ಅನ್ನುತ್ತಾರೆ. ನಮ್ಮ ಬಾಯಲ್ಲಿ ಬರೋಡವೇ ಉಳಿದಿದೆ. ಗೂಡ್ಸ್ ಆಫೀಸಿನಲ್ಲಿ ಕೆಲಸ, ಕಾಲೋನಿಯಲ್ಲಿ ಎರಡು ಕೋಣೆಯ ಕ್ವಾರ್ಟರ್ಸು. ಅಷ್ಟು ಸಿಕ್ಕವನು ಸುಮ್ಮನಿರಬೇಕಿತ್ತು. ಆದರೆ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಹುಬ್ಬಳ್ಳಿಯಲ್ಲಿದ್ದ ಗುಜರಾತಿ ಗುಮಾಸ್ತನೊಬ್ಬ ತನ್ನ ಊರ ಕಡೆ ಬರಲು ಹಾತೊರೆಯುತ್ತಿದ್ದ. ನಾನು ಅತ್ತ, ಅವನು ಇತ್ತ ಎಂದು ಇಬ್ಬರೂ ಸೇರಿ ಅದಲುಬದಲಿಗೆ ಅರ್ಜಿ ಹಾಕಿ ಎಂಟು ತಿಂಗಳಾಗಿತ್ತು. ಆರ್ಡರ್ ಇವತ್ತು ಬಂದೀತು, ನಾಳೆ ಬಂದೀತು ಎಂದು ದಿನಕ್ಕೆರಡು ಸಲ ಮೇಲಿನ ಆಫೀಸಿನ ಕಡೆ ಸುಳಿದು ಬರುತ್ತಿದ್ದೆ. ಅದರ ಮೇಲೆ ಹೆಂಡತಿ ಚೊಚ್ಚಲ ಬಸುರಿ, ರಾಣೆಬೆನ್ನೂರಿನ ತವರಿಗೆ ಹೋಗಿದ್ದಳು. ಅಲ್ಲಿಂದ ಟಪಾಲು ಒಂದು ದಿನ ತಡವಾದರೆ ಅದಕ್ಕೂ ಚಡಪಡಿಕೆ. ಮನೆಯ ಗೋಡೆಗೆ ಒಂದು ಮೊಳೆ ಹೊಡೆದಿರಲಿಲ್ಲ. ಹೋಗುವವನಿಗೆ ಮೊಳೆ ಯಾಕೆ ಎಂದು ಕ್ಯಾಲೆಂಡರನ್ನು ಕಿಟಕಿಯ ಸರಳಿಗೆ ಸಿಕ್ಕಿಸಿದ್ದೆ.

ದಸರೆ ಮುಗಿದ ಮೇಲೆ, ನನಗೆ ಅಡಿಗೆ ಮಾಡಿಹಾಕಲೆಂದು ಊರಿನಿಂದ ಅಕ್ಕ ಬಂದಳು. ನನಗಿಂತ ಒಂಬತ್ತು ವರ್ಷ ದೊಡ್ಡವಳು. ಇಪ್ಪತ್ತೆರಡನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೇ ಮರಳಿದ್ದಳು. ಊರಲ್ಲಿ ಮದುವೆ, ಸೀಮಂತ, ಆರತಿ ಎಂದರೆ ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಕರೆಯಲಿಲ್ಲವೆಂದು ಅವಳೂ ಏನೂ ಅನ್ನುತ್ತಿರಲಿಲ್ಲ. ಆದರೆ ಹಿತ್ತಲಲ್ಲಿ ಬೀಜ ಹಾಕುವ ಕಾಲ ಬಂದರೆ ಓಣಿಯ ಹೆಂಗಸರೆಲ್ಲ ಅವಳನ್ನೇ ಹುಡುಕಿಕೊಂಡು ಬರುವರು. ಸೌತೆಯಿರಲಿ, ಹೀರೆಯಿರಲಿ, ಮೊದಲ ಬೀಜ ಅಕ್ಕನ ಕೈಯಿಂದ ಮಣ್ಣಿಗೆ ಬೀಳಬೇಕು. ಅವಳ ಕೈಗುಣ ಅಂಥದು ಎನ್ನುವ ನಂಬಿಕೆ. ಆ ಒಂದು ವಿಷಯದಲ್ಲಿ ಮಾತ್ರ ಅವಳಿಗೆ ಸ್ವಲ್ಪ ಬಿಂಕವೂ ಇತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿಂದಕ್ಕ ಸರೀರಿ ಎಂದು ಮುತ್ತೈದೆಯರನ್ನೇ ಪಕ್ಕಕ್ಕೆ ಸರಿಸಿ ಹದ ಮಾಡಿದ ಮಣ್ಣಿನ ಮಡಿಯ ಮುಂದೆ ಕುಕ್ಕರಗಾಲಲ್ಲಿ ಕೂರುವಳು. ಉಳಿದ ದಿನಗಳಲ್ಲಿ ಅಡಿಗೆಮನೆಯ ಬಾಗಿಲ ಹಿಂದೆ ನಿಂತು ಮಾತಾಡುವ ಹೆಂಗಸು ಆಗ ಬೇರೆಯವಳೇ ಆಗುತ್ತಿದ್ದಳು.

ಬರೋಡಕ್ಕೆ ಬಂದ ಎರಡನೆಯ ಬೆಳಿಗ್ಗೆ ಅವಳು ಹಿಂಬಾಗಿಲು ತೆರೆದು ಹಿತ್ತಲನ್ನು ನೋಡಿದಳು. ಇಟ್ಟಿಗೆ ಚೂರು, ಮುರಿದ ಹೆಂಚು, ಒಣಗಿದ ಹುಲ್ಲು, ಯಾರೋ ಬಿಟ್ಟುಹೋದ ತಗಡಿನ ಡಬ್ಬಿ. ಆ ವರ್ಷ ಪಾಕಿಸ್ತಾನದ ಜೊತೆಗಿನ ಯುದ್ಧ ನಿಂತು ಎರಡು ತಿಂಗಳೂ ಆಗಿರಲಿಲ್ಲ. ಅಂಗಳದಲ್ಲೆಲ್ಲ ತರಕಾರಿ ಬೆಳೆಯಿರಿ ಎಂದು ರೇಡಿಯೋದಲ್ಲಿ ಹೇಳುತ್ತಿದ್ದರು, ಕಾಲೋನಿಯಲ್ಲಿ ನೋಟೀಸೂ ಅಂಟಿಸಿದ್ದರು. ನಾನು ಅದನ್ನು ಓದಿ, ನಮಗಲ್ಲ ಎಂದು ಮುಂದೆ ಹೋಗಿದ್ದೆ. ಅಕ್ಕನಿಗೆ ಓದು ಬರದು, ಹಿಂದಿಯೂ ತಿಳಿಯದು. ಅವಳು ಕೇಳಿದ್ದು ಒಂದೇ ಮಾತು, ಗುದ್ದಲಿ ಎಲ್ಲಿ ಸಿಗುತ್ತದೆ ಎಂದು.

ಬೇಡ ಎಂದೆ. ಒಂದು ತಿಂಗಳಲ್ಲಿ ಆರ್ಡರ್ ಬರುತ್ತದೆ, ನಾವು ಬೆಳೆದದ್ದನ್ನು ಇನ್ನಾರೋ ತಿನ್ನುತ್ತಾರೆ ಎಂದೆ.

"ಹೋಗೂದಾದ್ರ ಹೋಗೂಣು," ಅಂದಳು. "ನೆಲ ಏನ್ ನಿನ್ನ ಆರ್ಡರ್ ಹಾದಿ ಕಾಯತೈತೇನು? ತಿನ್ನವರು ಯಾರಾದ್ರೂ ತಿನ್ಲಿ. ನೀ ಮೊದಲ ಗುದ್ದಲಿ ತಗೊಂಬಾ."

ಪಕ್ಕದ ಕ್ವಾರ್ಟರ್ಸಿನಿಂದ ಗುದ್ದಲಿ ಎರವಲು ತಂದುಕೊಟ್ಟೆ. ಅಲ್ಲಿದ್ದವರು ಒಬ್ಬ ಗುಜರಾತಿ ಗಾರ್ಡ್ ಮತ್ತು ಅವರ ಹೆಂಡತಿ, ಐವತ್ತರ ಆಚೆಯವರು. ಇಡೀ ಸಾಲಿಗೆ ಅವರು ಕಾಕಾ, ಕಾಕಿ. ನಮ್ಮ ಹಿತ್ತಲಿಗೂ ಅವರ ಹಿತ್ತಲಿಗೂ ನಡುವೆ ಮೊಣಕಾಲೆತ್ತರದ ಒಂದು ಬದು, ಎರಡಕ್ಕೂ ಸೇರಿ ಒಂದೇ ನಲ್ಲಿ. ಕಾಕಾ ಗಾಡಿಯ ಮೇಲೆ ಹೋದರೆ ಎರಡು ಮೂರು ದಿನ ಬರುತ್ತಿರಲಿಲ್ಲ. ಕಾಕಿಗೆ ಆಗ ಹಿತ್ತಲೇ ಜೊತೆ. ಪ್ರತಿ ಚಳಿಗಾಲ ಬದನೆ ಮತ್ತು ಟೊಮೆಟೊ ಅಗೆಯನ್ನು, ಅಂದರೆ ನಾಟಿಯ ಸಸಿಗಳನ್ನು, ಒಂದು ಮಡಿಯಲ್ಲಿ ಒತ್ತಾಗಿ ಎಬ್ಬಿಸಿ, ಸಾಲಿನ ಎಲ್ಲ ಮನೆಗೂ ಹಂಚುವುದು ಆಕೆಯ ಪದ್ಧತಿ. ನಾನು ಎರಡು ವರ್ಷ ಬೇಡ ಎಂದು ಹೇಳಿ ಕಳಿಸಿದ್ದೆ.

ಅಕ್ಕ ಹದಿನೈದು ದಿನ ಅಗೆದಳು. ಒಮ್ಮೆ ಅಗೆದು ಕಲ್ಲು ಆರಿಸಿ, ಎರಡು ದಿನ ಬಿಸಿಲಿಗೆ ಬಿಟ್ಟು, ಮತ್ತೆ ಅಗೆದು ಹೆಂಟೆ ಒಡೆದಳು. ಆರಿಸಿದ ಇಟ್ಟಿಗೆ ಚೂರನ್ನು ಎಸೆಯದೆ ಮಡಿಗಳ ಅಂಚಿಗೆ ಒಂದರ ಪಕ್ಕ ಒಂದು ನೆಟ್ಟಳು. ಕಾಲೋನಿಗೆ ಹಾಲು ತರುತ್ತಿದ್ದವನಿಗೆ ಕೈಸನ್ನೆಯಲ್ಲಿ ಏನು ಹೇಳಿದಳೋ, ಅವನು ಮೂರು ಬುಟ್ಟಿ ಎಮ್ಮೆ ಗೊಬ್ಬರ ತಂದು ಸುರಿದು ಹೋದ. ಔಡಲ ಹಿಂಡಿಯನ್ನು ಪುಡಿ ಮಾಡಿ ಮಣ್ಣಿಗೆ ಬೆರೆಸುವುದನ್ನು ಕಾಕಿ ತೋರಿಸಿಕೊಟ್ಟರು. ನಮ್ಮ ಕಡೆ ಅದನ್ನು ನಾನು ನೋಡಿರಲಿಲ್ಲ. ಕೊತ್ತಂಬರಿ ಬೀಜವನ್ನು ಚಪ್ಪಲಿಯಡಿ ಹಾಕಿ ಮೆಲ್ಲಗೆ ತಿಕ್ಕಿ ಎರಡು ಹೋಳು ಮಾಡುವುದನ್ನು ಅಕ್ಕ ತೋರಿಸಿದಳು. ಅದಕ್ಕೆ ಕಾಕಿ ಬಾಯಿಗೆ ಸೆರಗು ಒತ್ತಿ ನಕ್ಕರು, ಅವರು ಲಟ್ಟಣಿಗೆಯಿಂದ ಮಾಡುತ್ತಿದ್ದರಂತೆ. ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಅಕ್ಕ ಗದಗಿನ ಕನ್ನಡದಲ್ಲಿ ಹೇಳುವಳು, ಅವರು ಗುಜರಾತಿಯಲ್ಲಿ ಉತ್ತರ ಕೊಡುವರು, ಇಬ್ಬರೂ ತಲೆಯಾಡಿಸುವರು. ನಾನು ಆಫೀಸಿಗೆ ಹೊರಡುವಾಗ ಬದುವಿನ ಆಚೆ ಈಚೆ ಕೂತಿದ್ದವರು, ಊಟಕ್ಕೆ ಬಂದಾಗಲೂ ಅಲ್ಲೇ ಇರುತ್ತಿದ್ದರು. ಅಕ್ಕನಿಗೆ ತನ್ನದೇ ಅನ್ನುವ ಒಬ್ಬ ಗೆಳತಿ ಅಲ್ಲಿಯವರೆಗೆ ಇದ್ದಳೆಂದು ನನಗೆ ನೆನಪಿಲ್ಲ.

ಇದನ್ನೆಲ್ಲ ಈಗ ಹೀಗೆ ನಿಧಾನವಾಗಿ ಬರೆಯುತ್ತಿದ್ದೇನೆ. ಆಗ ನೋಡುವ ವ್ಯವಧಾನ ನನಗಿರಲಿಲ್ಲ. ಹಿತ್ತಲಿಗೆ ಬಂದರೆ ಎರಡು ನಿಮಿಷ ನಿಂತು, ಗೇಟಿನ ಸದ್ದಾದರೆ ಟಪಾಲಿನವನೇನೋ ಎಂದು ಮುಂಬಾಗಿಲಿಗೆ ಓಡುತ್ತಿದ್ದೆ. ಅಕ್ಕ ಒಂದು ಕೊಡ ನೀರು ಹೊಯ್ಯಲು ಹೇಳಿದರೆ ಮಡಿಯ ಒಂದೇ ಮೂಲೆಗೆ ಸುರಿದು ಬರುತ್ತಿದ್ದೆ. ನಿನಗ ಮಣ್ಣಿನ ಕೂಡ ಮಾತಾಡಾಕ ಬರೂದಿಲ್ಲ ಬಿಡು ಎಂದು ಬೈಯುವಳು, ಅದರಲ್ಲಿ ಕೋಪವಿರುತ್ತಿರಲಿಲ್ಲ.

ನವೆಂಬರ್ ಕೊನೆಗೆ ಅಕ್ಕನ ಮೆಂತ್ಯ, ಮೂಲಂಗಿ, ಪಾಲಕ್ ಎಲ್ಲ ಎದ್ದು ನಿಂತವು. ಕಾಕಿಯ ಅಗೆಮಡಿಯ ಬದನೆಗೆ ನಾಲ್ಕೈದು ಎಲೆ ಬಂದಿದ್ದವು. ಆ ಬೀಜವನ್ನು ಹಾಕಿದ್ದು ಅಕ್ಕ. ಕಾಕಿಗೆ ಅಕ್ಕನ ಕೈ ನೋಡಿಯೇ ಏನೋ ಅನ್ನಿಸಿ, ಬೀಜದ ಚೀಟಿಯನ್ನು ಅವಳ ಅಂಗೈಗೆ ಸುರಿದು ನೀನೇ ಹಾಕು ಎಂದು ಸನ್ನೆ ಮಾಡಿದ್ದರಂತೆ. ಅಕ್ಕ ಇದನ್ನು ನನಗೆ ಎರಡು ಸಲ ಹೇಳಿದಳು. ಊರು ಬಿಟ್ಟು ಇಷ್ಟು ದೂರ ಬಂದರೂ, ಯಾರೂ ಹೇಳದೆಯೂ ಇವರಿಗೆ ಹೇಗೆ ತಿಳಿಯಿತು ನೋಡು ಎಂದು ಅವಳಿಗೆ ಹಿಗ್ಗು.

ಆಮೇಲೆ ಎಲೆಗಳಲ್ಲಿ ಸಣ್ಣ ಸಣ್ಣ ತೂತು ಕಾಣಿಸಿಕೊಂಡವು. ಅಕ್ಕ ಗಾಬರಿಯಾಗಲಿಲ್ಲ. ನಮ್ಮ ಕಡೆ ಇದಕ್ಕೆ ಬೂದಿ ಹೊಡೆಯುತ್ತಾರೆ. ಒಲೆಯ ಬೂದಿಯನ್ನು ತೆಳ್ಳನೆಯ ಬಟ್ಟೆಯಲ್ಲಿ ಕಟ್ಟಿ, ಬೆಳಿಗ್ಗೆ ಇಬ್ಬನಿ ಆರುವ ಮುಂಚೆ ಎಲೆಯ ಮೇಲೆ ಮೆಲ್ಲಗೆ ತಟ್ಟಿದರೆ ಪುಡಿ ಅಂಟಿ ನಿಲ್ಲುತ್ತದೆ, ಹುಳ ಬಿಟ್ಟುಹೋಗುತ್ತದೆ. ಆದರೆ ನಮ್ಮ ಮನೆಯಲ್ಲಿ ಕಟ್ಟಿಗೆಯ ಒಲೆ ಎಲ್ಲಿತ್ತು? ಕಾಲೋನಿಯಲ್ಲೆಲ್ಲ ಸಿಗಡಿ ಎನ್ನುವ ಕಲ್ಲಿದ್ದಲಿನ ಒಲೆ. ಅಕ್ಕ ಸಿಗಡಿಯ ಬೂದಿಯನ್ನು ಬೆರಳಲ್ಲಿ ಮುಟ್ಟಿ ನೋಡಿ, ಇದು ಆಗದು, ಕಟ್ಟಿಗೆಯದೇ ಬೇಕು ಎಂದಳು. ಸ್ಟೇಷನ್ ರಸ್ತೆಯಲ್ಲಿ ನಮ್ಮ ಉಡುಪಿ ಕಡೆಯವರ ಹೋಟೆಲಿದೆ, ಅಲ್ಲಿ ಕಟ್ಟಿಗೆಯನ್ನೇ ಉರಿಸುತ್ತಾರೆ ಎಂದು ನಾನೇ ಬಾಯಿ ತಪ್ಪಿ ಹೇಳಿದೆ. ಹಾಗಾದರೆ ನಾಳೆ ಬೆಳಿಗ್ಗೆ ಒಂದು ಡಬ್ಬಿ ತಗೊಂಡು ಬಾ ಎಂದಳು.

ಆ ಹೋಟೆಲಿಗೆ ಹೋಗಲು ನನಗೆ ಮನಸ್ಸಿರಲಿಲ್ಲ. ಅಕ್ಕ ಬರುವ ಮುಂಚೆ ಒಂದು ತಿಂಗಳು ಅಲ್ಲೇ ಊಟ ಮಾಡುತ್ತಿದ್ದೆ. ಗಲ್ಲೆಯಲ್ಲಿ ಕೂತ ಮಾಲೀಕರಿಗೆ ನನ್ನ ವರ್ಗದ ಹುಚ್ಚು ಗೊತ್ತು. ನಾನು ಒಳಗೆ ಕಾಲಿಟ್ಟರೆ ಸಾಕು, ಎಲ್ಲರಿಗೂ ಕೇಳುವ ಹಾಗೆ, "ಎಂತ ಮಾರಾಯ್ರೆ, ನಿಮ್ಮ ಹುಬ್ಬಳ್ಳಿ ಗಾಡಿ ಇನ್ನೂ ಹೊರಡ್ಲಿಲ್ವಾ? ಸಿಗ್ನಲ್ ಕೊಡುವವ ಮಲಗಿದ್ದಾನಾ ಹೇಗೆ?" ಎನ್ನುವರು. ಬ್ಯಾಂಕಿನವರು, ವಿಮೆಯವರು, ಅಲ್ಲಿದ್ದ ನಮ್ಮ ಕನ್ನಡದವರೆಲ್ಲ ನಗುವರು. ಅದರಲ್ಲಿ ವಿಷವೇನಿರಲಿಲ್ಲ. ನನಗೆ ಮಾತ್ರ ಚೇಳು ಕುಟುಕಿದಂತಾಗುತ್ತಿತ್ತು. ಈಗ ಖಾಲಿ ಡಬ್ಬಿ ಹಿಡಿದು ಬೂದಿ ಕೇಳಲು ಹೋದರೆ ಇನ್ನು ಏನೇನು ಅಂದಾರೋ. ಹೆಚ್ಚೆಂದರೆ ಹತ್ತು ನಿಮಿಷದ ದಾರಿ. ಮೂರು ದಿನ, ಹೋಟೆಲು ಬಾಗಿಲು ಹಾಕಿತ್ತು, ಬೂದಿ ತೆಗೆದಿರಲಿಲ್ಲ, ಎಂದು ಏನೇನೋ ಹೇಳಿದೆ.

ನಾಲ್ಕನೆಯ ದಿನ ಆಫೀಸಿನಿಂದ ಬರುವಾಗ ಲೋಕೋ ಶೆಡ್ಡಿನ ಹಿಂದೆ ಸೈಕಲ್ ನಿಲ್ಲಿಸಿದೆ. ಎಂಜಿನ್ನುಗಳಿಂದ ಬಾಚಿ ತೆಗೆದ ಕಲ್ಲಿದ್ದಲ ಬೂದಿ ಅಲ್ಲಿ ಗುಡ್ಡೆಯಾಗಿ ಬಿದ್ದಿರುತ್ತಿತ್ತು. ಗುಡ್ಡೆಯ ಒಂದು ಬದಿಯಿಂದ ಮೆತ್ತಗಿದ್ದದ್ದನ್ನು ಡಬ್ಬಿಗೆ ತುಂಬಿಕೊಂಡೆ. ಮನೆಗೆ ಬಂದು, ಅಕ್ಕ ನಲ್ಲಿಯ ಹತ್ತಿರ ಇದ್ದಾಗ, ಗೋಧಿಹಿಟ್ಟಿನ ಜರಡಿಯಲ್ಲಿ ಅದನ್ನು ಹಿಡಿದೆ. ಕರಿಯ ಹರಳೆಲ್ಲ ಮೇಲೆ ಉಳಿಯಿತು, ಕೆಳಗೆ ಬಿದ್ದದ್ದು ಬೂದುಬಣ್ಣದ ನಯವಾದ ಪುಡಿ. ಒಲೆಯ ಬೂದಿಯೇ ಎನ್ನುವ ಹಾಗಿತ್ತು. ಜರಡಿಯನ್ನು ಮೂರು ಸಲ ತೊಳೆದು ಮೊದಲಿದ್ದಲ್ಲೇ ತೂಗುಹಾಕಿದೆ.

ಆ ಗುಡ್ಡೆಯ ಸುತ್ತ ಹುಲ್ಲಿನ ಒಂದು ಎಸಳೂ ಇರಲಿಲ್ಲ. ಅದನ್ನು ನೋಡಿಯೂ ನನಗೆ ಹೊಳೆಯಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಹೊಳೆದಿತ್ತು. ಬೂದಿ ಬೂದಿಯೇ, ಇಷ್ಟು ಸಣ್ಣದಕ್ಕೆ ಇಷ್ಟು ಯೋಚನೆ ಯಾಕೆ ಎಂದು ತಳ್ಳಿಹಾಕಿದೆ. ಅವತ್ತು ರಾಣೆಬೆನ್ನೂರಿನಿಂದಲೂ ಕಾಗದ ಬಂದಿರಲಿಲ್ಲ, ಹುಬ್ಬಳ್ಳಿಯಿಂದಲೂ ಬಂದಿರಲಿಲ್ಲ. ಒಂದು ಕೆಲಸವಾದರೂ ತಲೆಯಿಂದ ಇಳಿದರೆ ಸಾಕಾಗಿತ್ತು.

ಅಕ್ಕ ಡಬ್ಬಿ ತೆರೆದು ಮೂಸಿದಳು. ಇದಕ್ಕೆ ಒಂಥರಾ ವಾಸನೆ ಇದೆಯಲ್ಲ ಎಂದಳು. ಹೋಟೆಲಿನವರು ಹಳೆಯ ಪೆಟ್ಟಿಗೆ, ಜಾಲಿ ಕಟ್ಟಿಗೆ, ಸಿಕ್ಕಿದ್ದೆಲ್ಲ ಉರಿಸುತ್ತಾರೆ, ಅದರ ವಾಸನೆ ಎಂದೆ. ಅವಳು ತಲೆಯಾಡಿಸಿದಳು. ನನ್ನ ಮಾತನ್ನು ಅವಳು ಎರಡನೆಯ ಸಲ ಕೇಳುವವಳಲ್ಲ. ಓದಿದ ತಮ್ಮ ಎಂದು ಅವಳಿಗೆ ನನ್ನ ಮೇಲೆ ಅಷ್ಟು ಭರವಸೆ.

ಮರುದಿನ ಬೆಳಿಗ್ಗೆ ಒಳ್ಳೆಯ ಇಬ್ಬನಿ ಬಿದ್ದಿತ್ತು. ಹಳೆಯ ಧೋತರದ ತುಂಡಿನಲ್ಲಿ ಬೂದಿ ಕಟ್ಟಿಕೊಂಡು ಅಕ್ಕ ತನ್ನ ಮಡಿಗಳಿಗೆ ತಟ್ಟಿದಳು. ಕಾಕಿ ನೋಡುತ್ತ ನಿಂತಿದ್ದರು. ಅಕ್ಕ ಬದು ದಾಟಿ ಅವರ ಅಗೆಮಡಿಯ ಮುಂದೆಯೂ ಕೂತಳು. ಇಷ್ಟು ದಿನ ಅವರಿಂದ ಹಿಂಡಿ, ಬೀಜ, ಗುದ್ದಲಿ ಎಲ್ಲ ಪಡೆದಿದ್ದಳಲ್ಲ, ತನ್ನ ಕಡೆಯಿಂದಲೂ ಏನಾದರೂ ಕೊಡುವ ಹುರುಪು. ಅಲ್ಲಿ ತಟ್ಟಿದ್ದು ಇನ್ನೂ ಹೆಚ್ಚು. ನಾನು ಹಲ್ಲುಜ್ಜುತ್ತ ಹಿಂಬಾಗಿಲಲ್ಲಿ ನಿಂತಿದ್ದೆ. ಆಗಲಾದರೂ ನಿಲ್ಲು ಎನ್ನಬಹುದಿತ್ತು. ಬಾಯಲ್ಲಿ ಹಲ್ಲುಪುಡಿ ಇತ್ತು. ಉಗುಳಲು ಒಳಗೆ ಹೋದೆ, ಮತ್ತೆ ಹೊರಗೆ ಬರಲಿಲ್ಲ.

ಒಂದು ದಿನ ಬಿಟ್ಟು ಒಂದು ದಿನದಂತೆ ಮೂರು ಸಲ ತಟ್ಟಿದಳು. ಎರಡನೆಯ ಸಲದ ಹೊತ್ತಿಗೇ ಎಲೆಯ ಅಂಚು ಕಂದತೊಡಗಿತ್ತು. ಹುಳದ ಕಾಟ ಎಂದುಕೊಂಡು ಮೂರನೆಯ ಸಲ ಇನ್ನಷ್ಟು ಹಾಕಿದಳು. ವಾರ ಮುಗಿಯುವಷ್ಟರಲ್ಲಿ ಕಾಕಿಯ ಬದನೆ ಅಗೆ ಪೂರ್ತಿ ಸುಟ್ಟಂತೆ ಮುರುಟಿ ಮಲಗಿತು. ಟೊಮೆಟೊ ಅಗೆಯಲ್ಲಿ ಬದಿಯ ಹತ್ತು ಹನ್ನೆರಡು ಉಳಿದವು. ನಮ್ಮ ಮೂಲಂಗಿ ಎಲೆ ಬಿಳಚಿಕೊಂಡಿತು, ಮೆಂತ್ಯ ನೆಲಕ್ಕೆ ಹತ್ತಿತು.

 ಅಗೆಗಾಗಿ ಕಾದಿದ್ದ ಸಾಲಿನ ಹೆಂಗಸರು ಬಂದು ನೋಡಿದರು. ಅವರಲ್ಲಿ ಒಬ್ಬ ಮುದುಕಿ ಅಕ್ಕನ ಬರಿಗೈಯನ್ನೂ ಬರಿಹಣೆಯನ್ನೂ ನೋಡಿ, ಕಾಕಿಯ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಏನೋ ಹೇಳಿದಳು. ಗುಜರಾತಿ ಬಾರದ ಅಕ್ಕನಿಗೆ ಅದನ್ನು ಯಾರೂ ಕನ್ನಡ ಮಾಡಿ ಹೇಳಬೇಕಾಗಲಿಲ್ಲ. ಊರಲ್ಲಿ ಆ ನೋಟವನ್ನು ಅವಳು ಹದಿನೈದು ವರ್ಷ ನೋಡಿದ್ದಳು. ಬೀಜದ ವಿಷಯದಲ್ಲಿ ಮಾತ್ರ ಅದು ಅವಳ ಮೇಲೆ ಬಿದ್ದಿರಲಿಲ್ಲ.

ಅವತ್ತು ಸಂಜೆ ನಾನು ಚಹಾ ಕುಡಿಯುತ್ತಿದ್ದೆ. ಅವಳು ಎದುರಿಗೆ ಬಂದು ಕೂತಳು.

"ತಮ್ಮಾ, ಆ ಬೂದಿ ಹೋಟೆಲಿಂದ ಹೌದಲ್ಲೋ?"

"ಹೌದು."

"ಕಟಗೀದ ಹೌದಲ್ಲೋ?"

"ಹೌದಕ್ಕಾ, ನಾನ ಒಲಿಯಿಂದ ತಗಸಿದ್ದು. ಯಾಕ?"

"ಏನಿಲ್ಲ. ಹಂಗಾರ ತಪ್ಪು ಬೂದಿದಲ್ಲ," ಅಂದಳು. ಸ್ವಲ್ಪ ಹೊತ್ತು ತನ್ನ ಅಂಗೈ ನೋಡಿಕೊಂಡು ಕೂತಿದ್ದು, ಎದ್ದು ಹಿಟ್ಟು ನಾದಲು ಹೋದಳು.

ಇಷ್ಟೇ. ಅವಳು ಕೇಳಿದ್ದು ಎರಡು ಪ್ರಶ್ನೆ, ನಾನು ಹೇಳಿದ್ದು ಎರಡು ಹೌದು. ಎರಡನೆಯದಕ್ಕೆ ಒಲೆಯನ್ನೂ ಸೇರಿಸಿದೆ. ಅಲ್ಲಿಯವರೆಗೆ ನಡೆದದ್ದನ್ನು ಸೋಮಾರಿತನ ಎನ್ನಬಹುದಿತ್ತು, ಗಿಡ ಸತ್ತವು ಎನ್ನಬಹುದಿತ್ತು. ಆ ಸಂಜೆಯ ನಂತರ ಅದಕ್ಕೆ ಆ ಹೆಸರು ಸಲ್ಲದು.

ಎರಡು ದಿನ ಬಿಟ್ಟು ಕಾಕಾ ಡ್ಯೂಟಿ ಮುಗಿಸಿ ಬಂದರು. ಮೂವತ್ತು ವರ್ಷ ಎಂಜಿನ್ನಿನ ಹಿಂದೆ ಓಡಾಡಿದ ಮನುಷ್ಯ. ಸತ್ತ ಅಗೆಯ ಮುಂದೆ ಕುಕ್ಕರಿಸಿ, ಮಣ್ಣಿನ ಮೇಲಿದ್ದ ಪುಡಿಯನ್ನು ಚಿಟಿಕೆ ತೆಗೆದು ಬೆರಳಲ್ಲಿ ಉಜ್ಜಿದರು, ಮೂಗಿಗೆ ಹಿಡಿದರು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು. ನಾನು ಕಿಟಕಿಯ ಒಳಗಿದ್ದೆ. ಅವರು ಕೂಗಲಿಲ್ಲ, ಕೇಳಲಿಲ್ಲ. ನಾನಾಗಿ ಬಂದು ಹೇಳಲೆಂದು ಕಾದರೆಂದು ಕಾಣುತ್ತದೆ. ಮೂರು ದಿನ ಕಾದರು. ನಾನು ಅವರು ಮನೆಯಲ್ಲಿದ್ದಷ್ಟು ಹೊತ್ತೂ ಆಫೀಸಿನಲ್ಲಿ ಏನಾದರೂ ಕೆಲಸ ಹುಡುಕಿಕೊಂಡೆ. ಆಮೇಲೆ ಅವರು ಮತ್ತೆ ಗಾಡಿಯ ಮೇಲೆ ಹೋದರು.

ಕಾಕಿ ಹೊಸದಾಗಿ ಅಗೆಮಡಿ ಮಾಡಿದರು. ಅಕ್ಕನ ಮನಸ್ಸು ನೋಯಬಾರದೆಂದು ಅವಳು ಸ್ನಾನಕ್ಕೆ ಹೋದ ಹೊತ್ತು ನೋಡಿ ತಾವೇ ಬೀಜ ಹಾಕಿದರು. ಸ್ನಾನದ ಮನೆಗೆ ಹಿತ್ತಲ ಕಡೆ ಒಂದು ಸಣ್ಣ ಕಿಂಡಿ ಇತ್ತು. ಅಕ್ಕ ಅವತ್ತಿನಿಂದ ಬದುವಿನ ಹತ್ತಿರ ಕೂರಲಿಲ್ಲ. ಕಾಕಿ, ಆವೋ ಬೇನ್, ಬಾ ತಂಗಿ, ಎಂದು ಕರೆದರೆ ಒಲೆಯ ಮೇಲೆ ಏನೋ ಇದೆ ಎಂದು ಸನ್ನೆ ಮಾಡುವಳು. ನಮ್ಮ ಹಿತ್ತಲಲ್ಲಿ ಉಳಿದ ಪಾಲಕ್‌ಗೆ ನೀರು ಹೊಯ್ಯುವ ಕೆಲಸ ನನಗೆ ಬಂತು. ಒಂದು ದಿನವೂ ತಪ್ಪಿಸದೆ, ಮೂಲೆಗೆ ಸುರಿಯದೆ ಹೊಯ್ದೆ. ಆ ಪಾಲಕ್ ಚೆನ್ನಾಗಿಯೇ ಬಂತು. ಅಕ್ಕ ಅದನ್ನು ಸಾರಿಗೆ ಹಾಕಿದಳು, ತಾನು ಉಣ್ಣಲಿಲ್ಲ.

ಡಿಸೆಂಬರ್ ಮಧ್ಯದಲ್ಲಿ ಟೆಲಿಗ್ರಾಂ ಬಂತು. ಹೆಣ್ಣುಮಗು, ತಾಯಿ ಮಗು ಕ್ಷೇಮ. ಅದರ ಹಿಂದೆಯೇ ಹೆಂಡತಿ ತನ್ನ ತಂಗಿಯ ಕೈಯಲ್ಲಿ ಬರೆಸಿದ ಕಾಗದ. ತೊಟ್ಟಿಲಿಗೆ ಹಾಕುವ ದಿನ ಮಗುವಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಹಕ್ಕು. ಮಂದಿ ಏನೇ ಅನ್ನಲಿ, ನಮ್ಮ ಮಗಳಿಗೆ ಅದನ್ನು ಅಕ್ಕನೇ ಮಾಡಬೇಕು, ನಮ್ಮ ಅಪ್ಪನನ್ನೂ ಒಪ್ಪಿಸಿದ್ದೇನೆ ಎಂದು ಬರೆಸಿದ್ದಳು. ಹೊಟ್ಟೆಯಲ್ಲಿ ಮಗು ಇದ್ದಾಗಲೇ ನಾವಿಬ್ಬರೂ ಮಾತಾಡಿಕೊಂಡಿದ್ದ ವಿಷಯ ಅದು. ನಾನು ಕಾಗದವನ್ನು ಗಟ್ಟಿಯಾಗಿ ಓದಿದೆ. ಅಕ್ಕನ ಮುಖ ಅರಳುವುದನ್ನು ನೋಡಲು ಕಾಯುತ್ತಿದ್ದೆ. ಅರಳಿದರೆ ನನ್ನ ತಪ್ಪು ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ ಎನ್ನುವ ಲೆಕ್ಕಾಚಾರ.

"ಬ್ಯಾಡಪಾ," ಅಂದಳು. "ಕೂಸಿನ ತೊಟ್ಟಲ ನಾ ಮುಟ್ಟೂದಿಲ್ಲ. ನನ್ನ ಕೈ ಈಗ ಮೊದಲಿನ್ಹಂಗ ಇಲ್ಲ."

"ಏನ್ ಹುಚ್ಚರಂಗ ಮಾತಾಡ್ತೀ ಅಕ್ಕಾ. ನಾಕು ಗಿಡ ಸತ್ರ ಕೈ ಕೆಡತೈತೇನು?"

"ನಾಕ ಗಿಡ ಅಲ್ಲೋ. ಒಂದ ಕೈ ಹಾಕಿದ್ದು, ಅದ ಕೈಲೆ ಸತ್ತದ್ದು. ನಿನಗ ತಿಳಿಯೂದಿಲ್ಲ. ಕೂಸು ಚೆಂದಾಗಿರ್ಲಿ."

ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇನ್ನೊಂದಿರಲಿಲ್ಲ. ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಅವಳು ಬೈಯುತ್ತಿದ್ದಳು, ಕೈಲಿದ್ದ ಲಟ್ಟಣಿಗೆ ಎಸೆಯುತ್ತಿದ್ದಳೇನೋ, ಆಮೇಲೆ ಕಾಕಿಯ ಮನೆಗೆ ಓಡಿಹೋಗಿ ಸನ್ನೆಯಲ್ಲೇ ಎಲ್ಲ ಹೇಳಿ ನಗುತ್ತಿದ್ದಳು. ಅದು ನನಗೆ ಗೊತ್ತಿತ್ತು. ಆದರೆ ಎರಡು ಸಲ ಕಣ್ಣಿಗೆ ಕಣ್ಣು ಕೊಟ್ಟು ಹೌದು ಎಂದವನು ಈಗ ಅಲ್ಲ ಎಂದರೆ, ಅಷ್ಟು ದಿನ ಅವಳು ಒಣಗುತ್ತಿದ್ದುದನ್ನು ನೋಡಿಯೂ ಸುಮ್ಮನಿದ್ದೆನೆಂದು ಒಪ್ಪಿಕೊಂಡಂತೆ. ಹೆಸರಿಡುವ ಕಾರ್ಯಕ್ಕೆ ಇನ್ನೂ ಹತ್ತು ದಿನ ಇದೆ, ಗಾಡಿಯಲ್ಲಿ ಹೋಗುವಾಗ ಹೇಳಿದರಾಯಿತು ಎಂದುಕೊಂಡೆ. ಗಾಡಿಯಲ್ಲಿ ಜನ ಬಹಳ ಇದ್ದರು. ಹುಬ್ಬಳ್ಳಿಯಲ್ಲಿ ಇಳಿದು, ಅವಳು ಗದಗಿನ ಗಾಡಿ ಹತ್ತಿ ಊರಿಗೆ ಹೋದಳು, ನಾನೊಬ್ಬನೇ ರಾಣೆಬೆನ್ನೂರಿಗೆ ಹೋದೆ. ಮಗಳ ಕಿವಿಯಲ್ಲಿ, ದೂರದ ಸಂಬಂಧದಲ್ಲಿ ಅವಳಿಗೆ ಸೋದರತ್ತೆಯಾಗಬೇಕಾದ ಒಬ್ಬಳು ಹೆಸರು ಹೇಳಿದಳು. ಅಕ್ಕ ಯಾಕೆ ಬರಲಿಲ್ಲ ಎಂದು ಹೆಂಡತಿ ಕೇಳಿದಾಗ ಮೈ ಸರಿಯಿರಲಿಲ್ಲ ಎಂದೆ. ಒಂದು ಸುಳ್ಳಿಗೆ ಜೊತೆಯಾಗಿ ಇನ್ನೊಂದು.

ಹುಬ್ಬಳ್ಳಿಯ ಆರ್ಡರ್ ಬರಲೇ ಇಲ್ಲ. ಆ ಗುಜರಾತಿ ಗುಮಾಸ್ತನಿಗೆ ಅಲ್ಲೇ ಬಡ್ತಿ ಸಿಕ್ಕಿತು, ಅವನು ಅರ್ಜಿ ಹಿಂತೆಗೆದುಕೊಂಡ. ನನ್ನನ್ನು ಅರವತ್ತೆಂಟರಲ್ಲಿ ಅಹಮದಾಬಾದಿಗೆ ಹಾಕಿದರು. ಕಾಕಾ ಅಷ್ಟರಲ್ಲಿ ನಿವೃತ್ತರಾಗಿ ಅದೇ ಊರಿನ ಮಣಿನಗರದಲ್ಲಿ ಮಗನ ಮನೆಯಲ್ಲಿದ್ದರು. ವಿಳಾಸ ಗೊತ್ತಿದ್ದೂ ಒಂದು ವರ್ಷ ಆ ಕಡೆ ಹೋಗಲಿಲ್ಲ. ಒಂದು ಭಾನುವಾರ ಹೋದೆ. ಕಾಕಿ ಬಾಗಿಲು ತೆರೆದು ನನ್ನ ಗುರುತು ಹಿಡಿದು, ಮೊದಲು ಕೇಳಿದ್ದು ಬೇನ್ ಹೇಗಿದ್ದಾಳೆ ಎಂದು.

ನಾನು ನಿಂತಲ್ಲೇ, ಚಪ್ಪಲಿಯನ್ನೂ ಬಿಡದೆ, ಎಲ್ಲ ಹೇಳಿದೆ. ಕಲ್ಲಿದ್ದಲ ಬೂದಿ, ಜರಡಿ, ಹೋಟೆಲಿನ ಹೆಸರಲ್ಲಿ ಹೇಳಿದ ಸುಳ್ಳು. ಕಾಕಿ ಬಾಯಿಯ ಮೇಲೆ ಕೈ ಇಟ್ಟುಕೊಂಡು ಕೇಳಿದರು. ನಾನು ಕೈ ಮುಗಿದೆ. ಅವರು ನನ್ನ ಕೈ ಕೆಳಗಿಳಿಸಿ, ಅಗೆ ಪ್ರತಿ ವರ್ಷ ಹುಟ್ಟುತ್ತದೆ ಭಾಯಿ, ಅದಕ್ಕೆ ಇಷ್ಟು ದೂರ ಬಂದೆಯಾ ಎಂದು ಕಣ್ಣೊರೆಸಿಕೊಂಡರು. ಕಾಕಾ ಮಾತ್ರ ಹಿಂಡೋಳದ ಮೇಲೆ, ಆ ಕಡೆಯ ಮನೆಗಳಲ್ಲಿರುವ ತೂಗುಮಣೆಯ ಮೇಲೆ, ಅಲುಗಾಡದೆ ಕೂತಿದ್ದರು.

"ಮುಝೆ ತೋ ಉಸೀ ದಿನ್ ಮಾಲೂಮ್ ಥಾ," ಎಂದರು. ಅವತ್ತೇ ಗೊತ್ತಾಗಿತ್ತಂತೆ. ಆಮೇಲೆ, "ಬಹನ್ ಕೋ ಬೋಲಾ?" ಎಂದು ಕೇಳಿದರು. ಅಕ್ಕನಿಗೆ ಹೇಳಿದೆಯಾ ಎಂದು.

ಇಲ್ಲ ಎಂದೆ.

ಹಾಗಾದರೆ ನಮ್ಮ ಹತ್ತಿರ ಯಾಕೆ ಬಂದೆ, ಎಂದರು. ಚಹಾ ಕೊಟ್ಟರು, ಕುಡಿದೆ. ಮುಂದಿನ ರಜೆಯಲ್ಲಿ ಊರಿಗೆ ಹೋಗಿ ಹೇಳುತ್ತೇನೆ ಎಂದು ಮಾತು ಕೊಟ್ಟು ಎದ್ದೆ.

ಊರಿಗೆ ಹೋದೆ. ಅದೊಂದೇ ಕಾರಣಕ್ಕೆ ಎಂಟು ದಿನ ರಜೆ ಹಾಕಿ ಹೋದೆ. ಅಕ್ಕ ಸೊರಗಿರಲಿಲ್ಲ, ಅಳುತ್ತಿರಲಿಲ್ಲ. ಹಾಗಿದ್ದಿದ್ದರೆ ಹೇಳುವುದು ಸುಲಭವಾಗುತ್ತಿತ್ತೇನೋ. ಮೊದಲಿನ ಹಾಗೆಯೇ ರೊಟ್ಟಿ ಬಡಿಯುತ್ತಿದ್ದಳು, ಮೊದಲಿನ ಹಾಗೆಯೇ ನನ್ನನ್ನು ಬೈಯುತ್ತಿದ್ದಳು. ಹಿತ್ತಲು ಮಾತ್ರ ಬಯಲಾಗಿತ್ತು, ದನ ಕಟ್ಟಿದ್ದರು. ನಾನು ಬಂದ ಮೂರನೆಯ ದಿನ ಓಣಿಯ ಹೊಸ ಸೊಸೆಯೊಬ್ಬಳು ಸೆರಗಿನಲ್ಲಿ ಹೀರೆ ಬೀಜ ಕಟ್ಟಿಕೊಂಡು ಬಂದಳು. ಅತ್ತೆ ಕಳಿಸಿದ್ದಾಳೆ, ಇಷ್ಟು ಬೀಜ ಹಾಕಿ ಬರಬೇಕಂತೆ ಎಂದಳು. ಅಕ್ಕ ಜೋಳ ಹಸನು ಮಾಡುತ್ತಿದ್ದಳು. ಮೊರದಿಂದ ಕಣ್ಣೆತ್ತದೆ, ನಿಮ್ಮತ್ತೆಗೆ ಹಳೇ ಮಾತು ನೆನಪಿರಬೇಕು, ನಾ ಈಗ ಬೀಜ ಮುಟ್ಟೂದಿಲ್ಲವ್ವ, ನಿನ್ನ ಕೈಲೇ ಹಾಕು, ಚಲೋ ಬರತಾವ ಎಂದಳು. ಆ ಹುಡುಗಿ ಏನು ಮಾಡಬೇಕೆಂದು ತಿಳಿಯದೆ ನನ್ನ ಮುಖ ನೋಡಿದಳು. ನಾನು ಕಂಬಕ್ಕೆ ಒರಗಿ ಕೂತಿದ್ದೆ. ನನ್ನಿಂದ ಅಕ್ಕನಿಗೆ ನಾಲ್ಕು ಮಾರು ದೂರ. ಎದ್ದು ಒಂದು ಮಾತು ಹೇಳಿದ್ದರೆ ಆ ಬೀಜ ಅವಳ ಕೈಯಿಂದಲೇ ನೆಲಕ್ಕೆ ಬೀಳುತ್ತಿತ್ತು. ನಾನು ಆ ಹುಡುಗಿಗೆ, ಹೋಗವ್ವ, ಆಕೆಗೆ ಕೆಲಸ ಐತಿ ಎಂದೆ.

ಅಕ್ಕ ಅದಾದ ಮೇಲೆ ಇಪ್ಪತ್ತಮೂರು ವರ್ಷ ಬದುಕಿದ್ದಳು. ಅಷ್ಟರಲ್ಲಿ ನಾನು ಊರಿಗೆ ಎಷ್ಟು ಸಲ ಹೋದೆನೋ. ಒಂದು ಸಲ ಹೇಳಲು ಹೊರಟಾಗ ಊರಲ್ಲಿದ್ದ ಅಣ್ಣನ ಮಕ್ಕಳು ಬಂದರು, ಒಂದು ಸಲ ಅವಳಿಗೆ ಜ್ವರವಿತ್ತು, ಒಂದು ಸಲ ಅವಳು ಬಹಳ ಸಂತೋಷದಲ್ಲಿದ್ದಳು, ಅದನ್ನು ಕೆಡಿಸುವುದು ಬೇಡ ಎನಿಸಿತು. ಒಂದು ನೆಪವೂ ಸಿಗದ ಸಲವೂ ಇತ್ತು, ಅವತ್ತು ಸುಮ್ಮನೆ ಹೇಳಲಿಲ್ಲ. ಅವಳು ಹೋದಾಗ ನಾನು ಅಹಮದಾಬಾದಿನಲ್ಲಿದ್ದೆ. ತಲುಪುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು.

ಆಮೇಲೆ ಹೆಂಡತಿಗೆ ಹೇಳಿದೆ, ಅವಳು ಒಂದು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮಗಳಿಗೂ ಹೇಳಿದೆ, ಅವಳ ಕಿವಿಯಲ್ಲಿ ಹೆಸರು ಹೇಳಬೇಕಾಗಿದ್ದವರು ಯಾರು, ಯಾಕೆ ಹೇಳಲಿಲ್ಲ ಎಂದು. ಇಬ್ಬರ ಹತ್ತಿರವೂ ತಪ್ಪಾಯಿತು ಎಂದೆ. ಕಾಕಾ, ಕಾಕಿಯ ಹತ್ತಿರ ಅಂದೇ ಅಂದಿದ್ದೆ. ಈ ಮಾತು ಇಷ್ಟು ಸುಲಭವಾಗಿ ಬಾಯಿಗೆ ಬರುವುದನ್ನು ನೋಡಿ ನನಗೇ ಅಸಹ್ಯವಾಗುತ್ತದೆ. ಯಾರಿಗೆ ಅದು ಸಲ್ಲಬೇಕಿತ್ತೋ ಅವರೊಬ್ಬರನ್ನು ಬಿಟ್ಟು ಎಲ್ಲರಿಗೂ ಹೇಳಿದ್ದೇನೆ. ಅವಳು ನನ್ನ ಅಕ್ಕ.